ಬಡ್ಡಿ ಹರಾಮ್ ಎಂದರೆ ಸಾಲದು, ಬದಲಿ ದಾರಿಯೂ ಬೇಕು

ಮದ್ರಸದಲ್ಲಿ ಕಲಿಸುವ ನಮ್ಮ ಹತ್ತಿರ ತಾಯಂದಿರು ಆಗಾಗ ಕೇಳುವ ಒಂದು ಪ್ರಶ್ನೆ ಉಂಟು. "ಉಸ್ತಾದರೇ, ಸಂಘದ ಸಾಲ ತೆಗೆಯಬಹುದಾ?" ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಬಡ್ಡಿ ತಿನ್ನುವುದೂ ತಿನ್ನಿಸುವುದೂ ಹರಾಮ್ ಎಂಬುದು ಐದನೇ ತರಗತಿಯ ಮಕ್ಕಳಿಗೂ ಗೊತ್ತು. ಕಷ್ಟವಾಗುವುದು ಅದರ ನಂತರದ ಪ್ರಶ್ನೆ. "ಹಾಗಾದ್ರೆ ದುಡ್ಡು ಎಲ್ಲಿಂದ ತರುವುದು?" ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಹೋಗಬೇಕಾದವಳು, ಮಗಳ ಕಾಲೇಜಿನ ಫೀಸು ಕಟ್ಟಬೇಕಾದವಳು, ಸೋರುವ ಮಾಡಿಗೆ ಶೀಟು ಹಾಕಿಸಬೇಕಾದವಳು ಕೇಳುವ ಈ ಪ್ರಶ್ನೆಗೆ ಜಮಾಅತ್ ಆಗಿ, ಮೊಹಲ್ಲಾ ಆಗಿ ಉತ್ತರ ಹುಡುಕಬೇಕಾದವರು ನಾವೇ. ಈ ವಾರ ಅದರ ಬಗ್ಗೆ ಸ್ವಲ್ಪ ವಿವರವಾಗಿ ಮಾತಾಡೋಣ.

ನೆಟ್ಟಣ ಎಂದರೆ ಹೊರಗಿನವರಿಗೆ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ. ಕುಕ್ಕೆಗೆ ಹೋಗುವವರು ರೈಲು ಇಳಿದು ಬಸ್ಸು, ಜೀಪು ಹಿಡಿಯುವ ಊರು. ಇಲ್ಲಿಂದ ಬಿಳಿನೆಲೆ, ಮರ್ದಾಳ, ಕಡಬದವರೆಗೆ ಇರುವ ನಮ್ಮವರ ಮನೆಗಳಲ್ಲಿ ದೊಡ್ಡ ತೋಟ ಇರುವವರು ಕಡಿಮೆ. ಗಂಡಸರು ರಬ್ಬರ್ ಟ್ಯಾಪಿಂಗ್, ಅಡಿಕೆ ಸುಲಿಯುವುದು, ಮೀನು ವ್ಯಾಪಾರ, ಆಟೋ, ಪಿಕಪ್, ಗಾರೆ ಕೆಲಸ ಅಂತ ದುಡಿಯುತ್ತಾರೆ. ಕೆಲವರು ಗಲ್ಫಿನಲ್ಲಿದ್ದಾರೆ. ಹೆಂಗಸರ ಕೈಗೆ ತಲೆಮಾರುಗಳಿಂದ ನಾಲ್ಕು ಕಾಸು ಕೊಟ್ಟದ್ದು ಬೀಡಿ. ಮಡಿಲಲ್ಲಿ ಸೂಪು ಇಟ್ಟುಕೊಂಡು, ಮಗುವನ್ನು ಪಕ್ಕದಲ್ಲಿ ಮಲಗಿಸಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮಲ್ಲಿ ಎಷ್ಟೋ ಮಂದಿ. ಈಗ ಬೀಡಿ ಕೆಲಸ ಮೊದಲಿನಂತಿಲ್ಲ. ಮಳೆಗಾಲ ಬಂದರೆ ಟ್ಯಾಪಿಂಗ್ ನಿಲ್ಲುತ್ತದೆ, ಗಾರೆ ಕೆಲಸ ನಿಲ್ಲುತ್ತದೆ. ಶಾಲೆ, ಕಾಲೇಜು ಶುರುವಾಗಿ ಖರ್ಚು ಬರುವುದೂ ಅದೇ ಜೂನ್ ತಿಂಗಳಲ್ಲಿ. ಆದಾಯ ಇಳಿಯುವ ಹೊತ್ತಿಗೇ ಖರ್ಚು ಏರುತ್ತದೆ. ಸಾಲದ ಬಾಗಿಲು ತಟ್ಟುವುದು ಆಗಲೇ.

ಆಗ ಮನೆಬಾಗಿಲಿಗೇ ಬಂದು ಸಾಲ ಕೊಡುವವರು ಇದ್ದಾರೆ. ಹತ್ತು ಹೆಂಗಸರು ಸೇರಿ ಗುಂಪು ಮಾಡಿ, ಆಧಾರ್, ರೇಷನ್ ಕಾರ್ಡು, ಫೋಟೋ ಕೊಡಿ ಎನ್ನುತ್ತಾರೆ. ಜಾಗದ ಪತ್ರ ಬೇಡ, ಪೊನ್ನು ಬೇಡ. ನಾಲ್ಕು ದಿನದಲ್ಲಿ ಹಣ ಖಾತೆಗೆ. ಇದು ಅಕ್ರಮವೇನಲ್ಲ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಕಂಪೆನಿಗಳೂ ಹೀಗೆಯೇ ಕೊಡುತ್ತವೆ. ಆದರೆ ಸಹಿ ಹಾಕುವ ಮೊದಲು ಒಂದು ಲೆಕ್ಕ ತಿಳಿದಿರಬೇಕು.

ವಾರದ ಕಂತಿನ ಲೆಕ್ಕ

ಉದಾಹರಣೆಗೆ 50,000 ರೂಪಾಯಿ ಸಾಲ ತೆಗೆದಿರಿ ಎಂದಿಟ್ಟುಕೊಳ್ಳಿ. ವಾರಕ್ಕೆ 1,150 ರೂಪಾಯಿಯಂತೆ 50 ವಾರ ಕಟ್ಟಬೇಕು. ಒಟ್ಟು ಕಟ್ಟುವುದು 57,500. ಬಡ್ಡಿ 7,500. ಬಾಯಿಲೆಕ್ಕದಲ್ಲಿ ನೂರಕ್ಕೆ ಹದಿನೈದು, ಪರವಾಗಿಲ್ಲ ಎಂದು ಕಾಣುತ್ತದೆ. ಆದರೆ 50,000 ರೂಪಾಯಿ ವರ್ಷವಿಡೀ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲ ವಾರದಿಂದಲೇ ಹಿಂದೆ ಹೋಗಲು ಶುರುವಾಗುತ್ತದೆ. ಅರ್ಧ ವರ್ಷ ಆಗುವಾಗ ಸುಮಾರು ಅರ್ಧ ಹಣ ತೀರಿ ಆಗಿರುತ್ತದೆ. ನಿಜವಾಗಿ ನಿಮ್ಮಲ್ಲಿ ಉಳಿದ ಹಣದ ಮೇಲೆ ಲೆಕ್ಕ ಹಾಕಿದರೆ ಈ ಬಡ್ಡಿ ವರ್ಷಕ್ಕೆ ಸುಮಾರು ಶೇ. 29 ಆಗುತ್ತದೆ. ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸ್ ಅಂತ ಮೊದಲೇ ಹಿಡಿದುಕೊಂಡರೆ ಇನ್ನೂ ಮೇಲೆ.

ಇನ್ನೊಂದು ವಿಷಯ. ಕಂತು ವಾರ ವಾರ ಬರುತ್ತದೆ. ಸಂಪಾದನೆ ಹಾಗೆ ಬರುವುದಿಲ್ಲ. ಜುಲೈ ತಿಂಗಳಲ್ಲಿ ಟ್ಯಾಪಿಂಗ್ ಇಲ್ಲ ಎಂದು ಕಂತು ನಿಲ್ಲುವುದಿಲ್ಲ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಗುಂಪಿಗೆ ಸೇರುವುದು, ಅದರದ್ದು ಕಟ್ಟಲು ಮೂರನೆಯದ್ದು. ಕೊನೆಗೆ ಮಹರ್ ಆಗಿ ಸಿಕ್ಕಿದ ಪೊನ್ನು ಅಡವಿಗೆ ಹೋಗುತ್ತದೆ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎಂಬ ಒತ್ತಡದಿಂದ ನೆರೆಹೊರೆಯವರ ನಡುವೆಯೇ ಮಾತು ಬಿಡುತ್ತದೆ.

ಸಾಲ ಹೆಂಡತಿಯ ಹೆಸರಲ್ಲಿ, ಖರ್ಚು ಗಂಡನ ಕೈಯಲ್ಲಿ ಆಗುವುದೂ ಉಂಟು. ಬೈಕಿಗೆ, ಅಣ್ಣನ ಮಗಳ ಮದುವೆಗೆ, ಹಳೆಯ ಕೈಸಾಲಕ್ಕೆ ಆ ಹಣ ಹೋಗಿರುತ್ತದೆ. ಕಂತಿನ ದಿನ ಬಾಗಿಲಲ್ಲಿ ನಿಂತು ಮಾತು ಕೇಳಬೇಕಾದವಳು ಮಾತ್ರ ಸಹಿ ಹಾಕಿದ ಹೆಂಗಸು. ಗಂಡಸರು ಇದನ್ನು ಸ್ವಲ್ಪ ಯೋಚಿಸಬೇಕು. ಕುಟುಂಬದ ಖರ್ಚು ಗಂಡನ ಜವಾಬ್ದಾರಿ ಎಂದು ಶರೀಅತ್ ಹೇಳಿದೆ. ಆ ಭಾರವನ್ನು ಹೆಂಡತಿಯ ಸಹಿಯ ಮೇಲೆ ಹಾಕುವುದು ಯಾವ ನ್ಯಾಯ?

ಈಗಾಗಲೇ ಸಾಲದಲ್ಲಿರುವವರಿಗೆ

ಸಾಲದಲ್ಲಿ ಸಿಕ್ಕಿದವರು ಹೆದರಿ ಕೂರಬೇಕಾಗಿಲ್ಲ. ಕಾನೂನಿನ ರಕ್ಷಣೆ ಉಂಟು. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲಾ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಒಟ್ಟು ವೆಚ್ಚ ಎಷ್ಟು ಎಂಬ ಮಾಹಿತಿ ಪತ್ರ ಕೊಡಬೇಕು, ಅದರಲ್ಲಿ ಇಲ್ಲದ ಶುಲ್ಕ ವಸೂಲು ಮಾಡುವ ಹಾಗಿಲ್ಲ. ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡುವುದು, ಬೈಯುವುದು, ಬೆದರಿಸುವುದು, ಸಂಬಂಧಿಕರಿಗೆ ತೊಂದರೆ ಕೊಡುವುದು ಎಲ್ಲವೂ ನಿಷಿದ್ಧ.

ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಮೈಕ್ರೋ ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಕಿರುಕುಳ ಆದರೆ ಪೊಲೀಸ್ ಠಾಣೆಗೆ ಹೋಗಬಹುದು. ಒಬ್ಬಳೇ ಹೋಗಲು ಹೆದರಿಕೆಯಾದರೆ ಮಸೀದಿ ಕಮಿಟಿಯವರು, ಊರಿನ ನಾಲ್ಕು ಮಂದಿ ಜೊತೆಗೆ ಹೋಗಬೇಕು. ಆದರೆ ಒಂದು ಮಾತು ನೆನಪಿರಲಿ, ಇದು ಸಾಲಮನ್ನಾದ ಕಾನೂನು ಅಲ್ಲ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಯಿಂದ ತೆಗೆದ ಸಾಲ ತೀರಿಸಲೇಬೇಕು.

ದೀನ್ ಕೂಡ ಅದನ್ನೇ ಕಲಿಸುತ್ತದೆ. ಜನಾಝ ತಂದಾಗ ಮೃತನ ಮೇಲೆ ಸಾಲ ಉಂಟಾ ಎಂದು ಪ್ರವಾದಿ (ಸ) ವಿಚಾರಿಸುತ್ತಿದ್ದರು. ಸಾಲ ಬಿಟ್ಟುಹೋದ ಒಬ್ಬರ ನಮಾಝಿಗೆ ತಾವು ನಿಲ್ಲದೆ ಸಹಾಬಿಗಳಿಗೆ ನಿರ್ವಹಿಸಲು ಹೇಳಿದರು. ಅಬೂ ಖತಾದ (ರ) ಆ ಸಾಲದ ಹೊಣೆ ಹೊತ್ತ ನಂತರವೇ ತಾವು ನಮಾಝ್ ನಿರ್ವಹಿಸಿದರು. ಸಾಲದ ವಿಷಯ ಅಷ್ಟು ಗಂಭೀರ. ಅದೇ ಹೊತ್ತಿಗೆ, ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದು ಸೂರಾ ಅಲ್ ಬಖರದಲ್ಲಿ ಕಲಿಸಲಾಗಿದೆ. ಝಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಂದು ವರ್ಗ. ರಂಝಾನ್‌ನಲ್ಲಿ ಝಕಾತ್ ಹಂಚುವಾಗ ಪಕ್ಕದ ಮನೆಯ ಕಂತಿನ ಪುಸ್ತಕ ನಮಗೆ ನೆನಪಾಗಬೇಕು.

ಕೋಲಾರ ಕಲಿಸಿದ ಪಾಠ

"ಬಡ್ಡಿ ಹರಾಮ್, ಆದ್ದರಿಂದ ಕಂತು ಕಟ್ಟಬೇಡಿ" ಎಂದು ಜಮಾಅತ್ ಒಂದು ಆದೇಶ ಹೊರಡಿಸಿದರೆ ಮುಗಿಯಿತಲ್ಲ ಎಂದು ಕೆಲವರು ಕೇಳುತ್ತಾರೆ. ನಮ್ಮದೇ ರಾಜ್ಯದಲ್ಲಿ ಇದು ನಡೆದು ನೋಡಿ ಆಗಿದೆ. 2009ರ ಆರಂಭದಲ್ಲಿ ಕೋಲಾರದಲ್ಲಿ ಅಂಜುಮನ್ ಸಮಿತಿ ಮುಸ್ಲಿಂ ಮಹಿಳೆಯರಿಗೆ ಮೈಕ್ರೋಫೈನಾನ್ಸ್ ಕಂತು ಕಟ್ಟಬಾರದು ಎಂದು ಸೂಚಿಸಿತು. ರೇಷ್ಮೆ ಕಸುಬು ಕುಸಿದಿತ್ತು, ಒಬ್ಬೊಬ್ಬರ ತಲೆಯ ಮೇಲೆ ಹಲವು ಸಾಲ ಇತ್ತು, ವಸೂಲಿಯ ಕಿರುಕುಳದ ದೂರೂ ಇತ್ತು. ಸಿಟ್ಟಿಗೆ ಕಾರಣ ಇರಲಿಲ್ಲ ಎಂದು ಹೇಳುವಂತಿಲ್ಲ. ಈ ಅಲೆ ಶಿಡ್ಲಘಟ್ಟ, ರಾಮನಗರ, ಮೈಸೂರಿನವರೆಗೆ ಹೋಯಿತು. ಮರುಪಾವತಿ ನಿಂತಿತು.

ನಂತರ ಆದದ್ದೇನು? ಕಂಪೆನಿಗಳು ಆ ಮೊಹಲ್ಲಾಗಳಲ್ಲಿ ಹೊಸ ಸಾಲ ನಿಲ್ಲಿಸಿದವು. ಕಟ್ಟಲು ಮನಸ್ಸಿದ್ದ ಹೆಂಗಸರಿಗೂ ಸಿಗಲಿಲ್ಲ. ಆದರೆ ಅವರ ಅಗತ್ಯ ನಿಲ್ಲಲಿಲ್ಲ. ಮಗುವಿನ ಔಷಧಿಗೆ, ಮಗ್ಗದ ನೂಲಿಗೆ ಹಣ ಬೇಕೇ ಬೇಕಿತ್ತು. ಒಂದು ಬಾಗಿಲು ಮುಚ್ಚುವಾಗ ಇನ್ನೊಂದು ತೆರೆಯದಿದ್ದರೆ ಬಡವಳಿಗೆ ಉಳಿಯುವುದು ಮೀಟರ್ ಬಡ್ಡಿಯವನ ಬಾಗಿಲು. ಅದು ಶೇ. 29 ಅಲ್ಲ, ತಿಂಗಳಿಗೆ ನೂರಕ್ಕೆ ಹತ್ತು. ದೊಡ್ಡ ಬಡ್ಡಿಯ ಕಡೆಗೆ ತಳ್ಳಿದ ಮೇಲೆ ಸಣ್ಣ ಬಡ್ಡಿಯಿಂದ ಬಿಡಿಸಿದೆವು ಎಂದು ಹೇಳಿ ಎಂತ ಪ್ರಯೋಜನ? ಹರಾಮ್ ಎಂದು ಹೇಳುವುದು ಉಲಮಾಗಳ ಕರ್ತವ್ಯ, ಅದನ್ನು ಬಿಡುವಂತಿಲ್ಲ. ಅದರ ಜೊತೆಗೆ ಹಲಾಲಿನ ದಾರಿ ಮಾಡಿಕೊಡುವುದು ಜಮಾಅತಿನ ಕರ್ತವ್ಯ.

ಉಳಿತಾಯ ಮೊದಲು, ಸಾಲ ನಂತರ

ಬಾಂಗ್ಲಾದೇಶದ ಚಿತ್ತಗಾಂಗ್ ಹತ್ತಿರ ಜೋಬ್ರಾ ಎಂಬ ಹಳ್ಳಿ ಉಂಟು. 1976ರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ ಮುಹಮ್ಮದ್ ಯೂನುಸ್ ಅಲ್ಲಿ 42 ಮಂದಿಗೆ ಒಟ್ಟು 27 ಡಾಲರ್ ಕೈಯಿಂದ ಕೊಟ್ಟರು. ಬಿದಿರಿನ ಮಣೆ ಹೆಣೆಯುವ ಹೆಂಗಸರು ಬಿದಿರು ತರಲು ದಲ್ಲಾಳಿಯಿಂದ ಸಾಲ ತೆಗೆದು, ಮಾಡಿದ ಮಾಲನ್ನು ಅವನು ಹೇಳಿದ ರೇಟಿಗೇ ಕೊಡಬೇಕಾಗಿತ್ತು. ಅದೇ ಮುಂದೆ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅಲ್ಲಿ ಬಡ್ಡಿ ಇದೆ, ಆದ್ದರಿಂದ ಅದನ್ನು ಹಾಗೆಯೇ ನಕಲು ಮಾಡುವ ಪ್ರಶ್ನೆ ಇಲ್ಲ. ಆದರೆ ಜಾಗ, ಚಿನ್ನ ಇಲ್ಲದ ಹೆಂಗಸನ್ನು ನಂಬಿ ಹಣ ಕೊಡಬಹುದು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಜೋಬ್ರಾ.

ನಮ್ಮ ಕರ್ನಾಟಕದ್ದು ಇನ್ನೊಂದು ಕಥೆ. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಜಗಳದಿಂದ ಒಡೆದವು. ಆಗ ಕೆಲವು ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು ನಾವು ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ತೀರಿಸಿ, ನಿಮ್ಮೊಳಗೇ ಸಾಲ ಕೊಟ್ಟುಕೊಳ್ಳಿ ಎಂದು ಸಂಸ್ಥೆ ಹೇಳಿತು. ಒಬ್ಬರನ್ನೊಬ್ಬರು ನಂಬುವ ಹದಿನೈದು, ಇಪ್ಪತ್ತು ಮಂದಿಯ ಗುಂಪು ದೊಡ್ಡ ಸಂಘಕ್ಕಿಂತ ಗಟ್ಟಿ ಎಂದು ಗೊತ್ತಾಯಿತು. ನಬಾರ್ಡ್ 1992ರಲ್ಲಿ ಇಂತಹ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ತಂದಿತು. ನಮ್ಮ ಜಿಲ್ಲೆಯಲ್ಲಿ 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಡಿಸಿಸಿ ಬ್ಯಾಂಕಿನ ನವೋದಯ ಗುಂಪುಗಳು, ಸರಕಾರದ ಸ್ತ್ರೀಶಕ್ತಿ, ಈಗಿನ ಸಂಜೀವಿನಿ ಎಲ್ಲವೂ ಬಂದವು. ಸಭೆ ಸೇರುವುದು, ನಿರ್ಣಯ ಬರೆಯುವುದು, ಬ್ಯಾಂಕಿನಲ್ಲಿ ಧೈರ್ಯವಾಗಿ ಮಾತಾಡುವುದು ಇವನ್ನೆಲ್ಲ ನಮ್ಮ ಹೆಂಗಸರೂ ಅಲ್ಲಿ ಕಲಿತರು. ಆ ಕಲಿಕೆಯನ್ನು ಬಿಡಬೇಕಾಗಿಲ್ಲ, ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡು ರೀತಿಯ ಗುಂಪುಗಳ ವ್ಯತ್ಯಾಸ ಇಲ್ಲಿ ಅರ್ಥ ಮಾಡಿಕೊಳ್ಳಬೇಕು. ಕಂಪೆನಿಯ ಗುಂಪು ಸಾಲಕ್ಕಾಗಿ ಸೇರುತ್ತದೆ, ಸಾಲ ಮುಗಿದರೆ ಚದುರುತ್ತದೆ. ಲಾಭ ಹೊರಗೆ ಹೋಗುತ್ತದೆ. ಉಳಿತಾಯದ ಗುಂಪು ಮೊದಲು ಕೂಡಿಡುತ್ತದೆ, ಅದರಿಂದ ಸಾಲ ಕೊಡುತ್ತದೆ. ಹಣ ಒಳಗೇ ಉಳಿಯುತ್ತದೆ. ಈ ಎರಡನೆಯದ್ದರಿಂದ ಬಡ್ಡಿಯನ್ನು ತೆಗೆದರೆ ಉಳಿಯುವುದು ನಮ್ಮ ಕಿತಾಬುಗಳಲ್ಲಿ ಇರುವ ಖರ್ಳ್ ಹಸನ್. ಅಂದರೆ ಕೊಟ್ಟಷ್ಟನ್ನೇ ಹಿಂದೆ ಪಡೆಯುವ ಉತ್ತಮ ಸಾಲ.

ಬಡ್ಡಿ ಇಲ್ಲದೆಯೂ ನಡೆದಿದೆ

ಇದೆಲ್ಲ ಹೇಳಲು ಚೆಂದ, ನಡೆಯುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ. ಉತ್ತರ ಪ್ರದೇಶದ ದೇವಬಂದ್‌ನಲ್ಲಿ 1961ರಲ್ಲಿ ಮುಸ್ಲಿಂ ಫಂಡ್ ಶುರುವಾಯಿತು. ಜನ ತಮ್ಮ ಸಣ್ಣ ಉಳಿತಾಯವನ್ನು ಬಡ್ಡಿ ಇಲ್ಲದೆ ಇಡುತ್ತಾರೆ, ಅದರಿಂದ ಒಡವೆಯ ಅಡವಿಗೆ ಬಡ್ಡಿ ಇಲ್ಲದ ಸಾಲ ಕೊಡುತ್ತಾರೆ. ಪಾಕಿಸ್ತಾನದ ಲಾಹೋರಿನಲ್ಲಿ 2001ರಲ್ಲಿ ಡಾ. ಅಮ್ಜದ್ ಸಾಕಿಬ್ ಅವರು ಅಖುವತ್ ಎಂಬ ಸಂಸ್ಥೆ ಕಟ್ಟಿದರು. ಮೊದಲ ಸಾಲ ಒಬ್ಬ ವಿಧವೆಗೆ 10,000 ರೂಪಾಯಿ. ಆಕೆ ಅದನ್ನು ದುಡಿದು ಹಿಂದೆ ಕೊಟ್ಟಳು, ಅದೇ ಹಣ ಇನ್ನೊಬ್ಬರಿಗೆ ಹೋಯಿತು. ಸಾಲ ವಿತರಣೆ ಮಸೀದಿಯಲ್ಲೇ. ದೊಡ್ಡ ಆಫೀಸಿನ ಖರ್ಚು ಇಲ್ಲ, ಅಲ್ಲಾಹನ ಮನೆಯಲ್ಲಿ ಕೂತು ಕೊಟ್ಟ ಮಾತಿಗೆ ತೂಕವೂ ಹೆಚ್ಚು. ಮುಸ್ಲಿಮರಿಗೆ ಮಾತ್ರ ಎಂದು ಕಟ್ಟು ಹಾಕಲಿಲ್ಲ, ಚರ್ಚುಗಳಲ್ಲೂ ಕೊಟ್ಟರು. 2021ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆಫೀಸಿನ ಖರ್ಚಿಗೆ ಎಂತ ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಪುಸ್ತಕ, ಬ್ಯಾಂಕ್ ಓಡಾಟದಂತಹ ನಿಜವಾದ ಖರ್ಚಿನಷ್ಟು ಮಾತ್ರ ಸೇವಾ ಶುಲ್ಕ ತೆಗೆಯಬಹುದು, ಅದಕ್ಕಿಂತ ಹೆಚ್ಚಾದರೆ ಬಡ್ಡಿ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲಿ ತೀರ್ಮಾನಿಸಿದೆ. ಹಾಗಿದ್ದರೂ ಶುರು ಮಾಡುವವರು ತಮ್ಮ ಊರಿನ ಖತೀಬರು, ಖಾಝಿಗಳ ಹತ್ತಿರ ಕೇಳಿಯೇ ಮುಂದೆ ಹೋಗಬೇಕು. ಸಣ್ಣ ಗುಂಪಿಗಾದರೆ ಶುಲ್ಕವೇ ಬೇಡ. ಒಂದು ನೋಟ್ ಪುಸ್ತಕ, ಒಂದು ಪೆನ್ನು ಯಾರಾದರೂ ದಾನ ಕೊಡುತ್ತಾರೆ.

ಇಪ್ಪತ್ತು ಮಂದಿ, ವಾರಕ್ಕೆ ನೂರು

ನೆಟ್ಟಣದಂತಹ ಒಂದು ಮೊಹಲ್ಲಾದಲ್ಲಿ ಇದು ಹೇಗೆ ನಡೆಯಬಹುದು ಎಂದು ಲೆಕ್ಕ ಹಾಕಿ ನೋಡೋಣ. 20 ಹೆಂಗಸರು, ವಾರಕ್ಕೆ ತಲಾ 100 ರೂಪಾಯಿ. ವಾರಕ್ಕೆ 2,000. ಹತ್ತು ವಾರಕ್ಕೆ 20,000. ಆಗ ನಾಲ್ವರಿಗೆ 5,000ದಂತೆ ಸಾಲ ಕೊಡಬಹುದು. ಅವರು ವಾರಕ್ಕೆ 250ರಂತೆ 20 ವಾರದಲ್ಲಿ ತೀರಿಸುತ್ತಾರೆ. ಹನ್ನೊಂದನೇ ವಾರದಿಂದ ಉಳಿತಾಯದ 2,000, ಹಿಂದೆ ಬರುವ 1,000 ಸೇರಿ ವಾರಕ್ಕೆ 3,000. ಅಂದರೆ ಹದಿನೈದು ದಿನಕ್ಕೊಮ್ಮೆ ಇನ್ನೊಬ್ಬಳಿಗೆ 5,000 ಕೊಡಲು ಆಗುತ್ತದೆ. ಸಾಲ ತೆಗೆದವರು ಹೆಚ್ಚಾದಂತೆ ಹಿಂದೆ ಬರುವ ಹಣವೂ ಹೆಚ್ಚಾಗುತ್ತದೆ. ವರ್ಷ ಕಳೆಯುವಾಗ ಒಟ್ಟು ಉಳಿತಾಯ 1,04,000 ರೂಪಾಯಿ. ಬಡ್ಡಿಯಾಗಿ ಹೊರಗೆ ಹೋದದ್ದು ಸೊನ್ನೆ. ಪ್ರತಿಯೊಬ್ಬಳ 5,200 ಅವಳ ಹೆಸರಿನಲ್ಲೇ ಉಂಟು.

5,000ದಲ್ಲಿ ಎಂತ ಆಗ್ತದೆ ಎಂದು ಕೇಳಬಹುದು. ಮನೆ ಕಟ್ಟಲು ಆಗುವುದಿಲ್ಲ, ಸರಿ. ಆದರೆ ಸಾಲದ ಸರಪಳಿ ಶುರುವಾಗುವುದು ಹೆಚ್ಚಾಗಿ ಇಂತಹ ಸಣ್ಣ ಮೊತ್ತದಿಂದಲೇ. ಔಷಧಿಗೆ, ಫೀಸಿಗೆ, ಒಂದು ತಿಂಗಳ ಅಂಗಡಿ ಬಾಕಿಗೆ. ಆ ಮೊದಲ ಕೊಂಡಿ ತಪ್ಪಿದರೆ ಮೂರನೇ, ನಾಲ್ಕನೇ ಸಾಲ ಬರುವುದೇ ಇಲ್ಲ.

ಕೆಲವು ನಿಯಮ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಗುಂಪು 20 ಮಂದಿ ಮೀರಬಾರದು, ಅಷ್ಟರವರೆಗೆ ನೋಂದಣಿಯ ತೊಡಕೂ ಇಲ್ಲ. ಹಣ ಯಾರ ಮನೆಯಲ್ಲೂ ಇಡಬಾರದು, ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕು. ಕೊಟ್ಟದ್ದು, ಬಂದದ್ದು ಪ್ರತಿ ವಾರ ಎಲ್ಲರ ಎದುರು ಓದಿ ಹೇಳಬೇಕು. ಕುರ್‌ಆನಿನ ಅತಿ ಉದ್ದದ ಸೂಕ್ತ ಅಲ್ ಬಖರದ 282ನೆಯದ್ದು. ಅದು ಸಾಲವನ್ನು ಬರೆದಿಡುವ ಬಗ್ಗೆ ಇರುವಂತದ್ದು. "ನಮ್ಮೊಳಗೆ ಎಂತ ಬರೆಯುವುದು" ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಕಂತು ಅರ್ಧ ಎಂದು ಮೊದಲೇ ಬರೆದಿಡಬಹುದು. ನಮ್ಮದೇ ಗುಂಪಾದರೆ ಮಳೆಗಾಲ ಯಾವಾಗ ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಝಕಾತ್ ಹಣವನ್ನು ಈ ನಿಧಿಗೆ ಸೇರಿಸಬಾರದು. ಝಕಾತ್ ಹಕ್ಕುದಾರರ ಕೈಗೆ ಸೇರಬೇಕಾದದ್ದು, ಸಾಲವಾಗಿ ಕೊಟ್ಟು ಹಿಂದೆ ಪಡೆಯುವಂತದ್ದಲ್ಲ. ಸದಕ ಕೊಡಬಯಸುವ ಶ್ರೀಮಂತರು, ಗಲ್ಫಿನ ಯುವಕರ ಸಂಘಗಳು ನಿಧಿಗೆ ಕೈಜೋಡಿಸಬಹುದು.

ಹಲಾಲ್ ಎಂಬ ಬೋರ್ಡು ಸಾಕಾಗುವುದಿಲ್ಲ

ಬಡ್ಡಿರಹಿತ ಎಂದ ಕೂಡಲೇ ಓಡಿಹೋಗಿ ಹಣ ಹಾಕುವ ಅಭ್ಯಾಸವೂ ನಮ್ಮಲ್ಲಿ ಉಂಟು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಹಲಾಲ್ ಲಾಭ ಎಂದು ನಂಬಿ ಮಗಳ ಮದುವೆಗೆ ಕೂಡಿಟ್ಟದ್ದನ್ನು, ಹಜ್ಜಿಗೆ ತೆಗೆದಿಟ್ಟದ್ದನ್ನು ಹಾಕಿದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಹೆಸರಿನಲ್ಲಿ ದೀನ್ ಇದ್ದರೆ ಲೆಕ್ಕ ಕೇಳಬಾರದು ಎಂದಿಲ್ಲ. ದೀನ್ ಇರುವಲ್ಲಿ ಲೆಕ್ಕ ಇನ್ನೂ ಚೊಕ್ಕ ಇರಬೇಕು. ತಿಂಗಳು ತಿಂಗಳು ದೊಡ್ಡ ಲಾಭ ಕೊಡುತ್ತೇವೆ ಎಂದವರ ಹತ್ತಿರ ಹೋಗಬೇಡಿ. ನಾವು ಇಲ್ಲಿ ಹೇಳುವ ಗುಂಪಿನಲ್ಲಿ ಲಾಭದ ಆಸೆಯೇ ಇಲ್ಲ. ಹಣ ಸಣ್ಣದು, ಪುಸ್ತಕ ಎದುರಿಗೇ ಉಂಟು, ಸದಸ್ಯರು ಒಂದೇ ಊರಿನವರು. ಅದರ ಬಲ ಇರುವುದೇ ಅದರಲ್ಲಿ.

ಸಾಲದಿಂದ ಸಹಕಾರಕ್ಕೆ

ಸಾಲ ಎಷ್ಟು ಸುಲಭವಾಗಿ ಸಿಕ್ಕಿದರೂ ಸಂಪಾದನೆ ಇಲ್ಲದಿದ್ದರೆ ತೀರಿಸುವುದು ಹೇಗೆ? ಆದ್ದರಿಂದ ಎರಡನೇ ಹೆಜ್ಜೆ ದುಡಿಮೆಯ ಸಹಕಾರ. ಈ ಮಣ್ಣಿಗೆ ಸಹಕಾರ ಹೊಸದಲ್ಲ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿ ಇಡೀ ಜಿಲ್ಲೆಗೆ ದಾರಿ ತೋರಿಸಿದರು. ಅಡಿಕೆ ಬೆಲೆ ನೆಲಕಚ್ಚಿದಾಗ 1973ರಲ್ಲಿ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ತೋಟ ಇರುವವರಿಗೆ ಅದರಿಂದ ಬಲ ಬಂತು. ತೋಟ ಇಲ್ಲದ, ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರಿಗೆ ಬೇರೆ ರೀತಿಯ ಸಹಕಾರ ಬೇಕು.

ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಸೇವಾ ಸಂಘಟನೆ ಶುರು ಮಾಡಿದರು. ಬೀಡಿ ಕಟ್ಟುವವರು, ತರಕಾರಿ ಮಾರುವವರು, ಬಟ್ಟೆ ಹೊಲಿಯುವವರು ಅದರ ಸದಸ್ಯರು. ಮುಸ್ಲಿಂ ಮಹಿಳೆಯರೂ ತುಂಬ ಮಂದಿ. ಓದು ಬಾರದ ನಿಮಗೆ ಬ್ಯಾಂಕ್ ಯಾಕೆ ಎಂದು ಕೇಳಿದವರ ಎದುರಿನಲ್ಲೇ 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ಮಾಡಿದರು. ಅದೂ ಬಡ್ಡಿಯ ಬ್ಯಾಂಕೇ. ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಹೆಂಗಸರು ತಮ್ಮ ಸಂಸ್ಥೆಗೆ ತಾವೇ ಯಜಮಾನರಾದ ಧೈರ್ಯ.

ಇನ್ನೂ ಹತ್ತಿರದ್ದು ಕೇರಳದ ಕುಟುಂಬಶ್ರೀ. 1998ರ ಮೇ 17ರಂದು ಅದರ ಉದ್ಘಾಟನೆ ನಡೆದದ್ದು ಮಾಪಿಳ್ಳೆಯರ ಊರಾದ ಮಲಪ್ಪುರಂನಲ್ಲಿ. ಅಂದಿನ ಪ್ರಧಾನಿ ವಾಜಪೇಯಿ ಅದನ್ನು ಉದ್ಘಾಟಿಸಿದರು. ಅಲ್ಲಿನ ಹೆಂಗಸರು ನೆರೆಕೂಟಗಳಾಗಿ ಸೇರಿ ಕ್ಯಾಂಟೀನು, ಹೊಲಿಗೆ ಘಟಕ, ಗುಂಪು ಬೇಸಾಯ ನಡೆಸುತ್ತಾರೆ. ಮಂಜೇಶ್ವರ, ಕಾಸರಗೋಡಿನಲ್ಲಿ ನಮ್ಮ ಸಂಬಂಧಿಕರ ಮನೆಗಳಿಗೆ ಹೋದಾಗ ಇದನ್ನು ನೋಡಬಹುದು. ತಲೆಗೆ ವಸ್ತ್ರ ಹಾಕಿಕೊಂಡೇ, ಐದು ವಕ್ತ್ ನಮಾಝ್ ಮಾಡಿಕೊಂಡೇ ಲೆಕ್ಕದ ಪುಸ್ತಕ ಬರೆಯುವ ಹೆಂಗಸರು ಅಲ್ಲಿದ್ದಾರೆ. ಹೆಂಗಸು ವ್ಯಾಪಾರ ಮಾಡುವುದು ನಮ್ಮ ಪರಂಪರೆಗೆ ಹೊರತಾದದ್ದಲ್ಲ. ಉಮ್ಮುಲ್ ಮುಅ್ಮಿನೀನ್ ಖದೀಜಾ (ರ) ಮಕ್ಕಾದ ದೊಡ್ಡ ವ್ಯಾಪಾರಿಯಾಗಿದ್ದರು.

ನಮ್ಮ ಕಡೆ ಎಂತ ಮಾಡಬಹುದು? ಮದುವೆ, ಮೌಲಿದ್, ಮನೆ ಒಕ್ಕಲು ಎಂದು ವರ್ಷವಿಡೀ ಊಟದ ಆರ್ಡರು ಇದ್ದೇ ಇರುತ್ತದೆ. ಪತ್ತಿರ್, ಕಲ್ತಪ್ಪ, ಒರೊಟ್ಟಿ ಮಾಡುವ ಕೈ ನಮ್ಮ ಮನೆಗಳಲ್ಲೇ ಉಂಟು. ನಾಲ್ಕು ಮಂದಿ ಸೇರಿ ಆರ್ಡರು ಹಿಡಿದರೆ ಅದು ಘಟಕವಾಗುತ್ತದೆ. ಮದ್ರಸದ ಯೂನಿಫಾರಂ, ಪರ್ದಾ, ಶಾಲೆಯ ಬಟ್ಟೆ ಪೇಟೆಯಿಂದ ಬರುವ ಬದಲು ಊರಿನ ಹೊಲಿಗೆ ಗುಂಪಿನಿಂದ ಬರಬಹುದು. ಒಂದು ದನ ಇದ್ದರೂ ಹಾಲಿನ ಸೊಸೈಟಿಯ ಸದಸ್ಯತ್ವ ಹೆಂಗಸಿನ ಹೆಸರಲ್ಲಿ ಮಾಡಿಸಬಹುದು. ಸಹಾಯಧನ ಇರುವ ಯೋಜನೆ ಏನಿದೆ ಎಂದು ಪಂಚಾಯತ್‌ನ ಸಂಜೀವಿನಿ ಒಕ್ಕೂಟದಲ್ಲಿ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿಚಾರಿಸಬಹುದು. ಅದರಲ್ಲಿ ಬಡ್ಡಿಯ ಭಾಗ ಎಷ್ಟು ಎಂದು ಮೊದಲೇ ಕೇಳಿ ತಿಳಿದುಕೊಂಡು ನಿರ್ಧರಿಸಬೇಕು. ತರಬೇತಿಗಳನ್ನಂತೂ ಬಿಡಬಾರದು.

ಯಾರು ಎಂತ ಮಾಡಬೇಕು?

ಮಸೀದಿ ಕಮಿಟಿಯವರು ವರ್ಷಕ್ಕೊಮ್ಮೆ ಮೊಹಲ್ಲಾದ ಸಾಲದ ಸ್ಥಿತಿ ತಿಳಿದುಕೊಳ್ಳಲಿ. ಯಾರ ಮಾನವನ್ನೂ ಹರಾಜು ಹಾಕದೆ, ವಿದ್ಯಾವಂತ ಹೆಣ್ಣುಮಕ್ಕಳ ಮೂಲಕ ಗುಟ್ಟಾಗಿ ಕೇಳಿದರೆ ತಾಯಂದಿರು ಹೇಳುತ್ತಾರೆ. ಮೂರು, ನಾಲ್ಕು ಕಡೆ ಸಾಲ ಇರುವ ಮನೆಗೆ ಮೊದಲ ಸಹಾಯ ಹೋಗಲಿ. ಮದ್ರಸದ ಕೋಣೆ ಮಧ್ಯಾಹ್ನ ಖಾಲಿ ಇರುತ್ತದೆ. ವಾರಕ್ಕೊಂದು ಗಂಟೆ ಗುಂಪಿನ ಸಭೆಗೆ ಕೊಡಬಹುದು. ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿಯರು ಲೆಕ್ಕ ಬರೆಯಲಿ. ಗಂಡಸರು ಹೆಂಡತಿಯ ಹೆಸರಲ್ಲಿ ಸಾಲ ತೆಗೆಸುವುದನ್ನು ನಿಲ್ಲಿಸಲಿ. ಹಾಗೆಯೇ ಮದುವೆಯ ಅದ್ದೂರಿ ಕಡಿಮೆಯಾಗಬೇಕು. ವರದಕ್ಷಿಣೆ ಕೇಳುವವರ ಮನೆಯ ಊಟಕ್ಕೆ ಹೋಗದಿರುವ ಧೈರ್ಯ ಬೇಕು. ಸಾಲದ ದೊಡ್ಡ ಹೊಳೆ ಹರಿಯುವುದು ಅಲ್ಲಿಂದ.

ಸಹೋದರಿಯರೇ, ಯಾರಾದರೂ ಬಂದು ಕೊಡುತ್ತಾರೆ ಎಂದು ಕಾಯಬೇಡಿ. ಪಕ್ಕದ ಮನೆಯ ಐದು ಮಂದಿ ಸೇರಿ ಈ ಶುಕ್ರವಾರವೇ ಮಾತಾಡಿ. ನೂರು ಕಷ್ಟವಾದರೆ ಐವತ್ತರಿಂದ ಶುರು ಮಾಡಿ. ಮೊದಲ ಪುಟದಲ್ಲಿ ಬಿಸ್ಮಿಲ್ಲಾಹ್ ಬರೆದು, ಎರಡನೇ ಪುಟದಲ್ಲಿ ಲೆಕ್ಕ ಬರೆಯಿರಿ. ಹಳೆಯ ಸಾಲ ಇದ್ದವರು ಅದನ್ನು ತೀರಿಸುವ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಹೊಸ ಸಾಲಕ್ಕೆ ಸಹಿ ಹಾಕುವ ಮೊದಲು ಆ ಪುಸ್ತಕ ಒಮ್ಮೆ ತೆರೆದು ನೋಡಿ. ಒಳ್ಳೆಯ ಕೆಲಸಕ್ಕೆ ಅಲ್ಲಾಹು ನಮಗೆಲ್ಲರಿಗೂ ತೌಫೀಕ್ ನೀಡಲಿ, ಆಮೀನ್.